ಕೈಲಾನಿನ ಕಹಿ ಎಲ್ಲಿ ಹುಟ್ಟುತ್ತೆ, ಎಲ್ಲಿಗೆ ಹೋಗುತ್ತೆ?

ಕೇಳೋದಕ್ಕಿಂತ ಓದೋದೇ ಇಷ್ಟ ಅನ್ನೋರಿಗೆ ಎಂದಿನಂತೆ ಇದು ಸಂಚಿಕೆಯ ಬರಹರೂಪ. ಮಾತಿನ ಧಾಟಿಯನ್ನ ಹೆಚ್ಚು ತಿದ್ದಿಲ್ಲ.

ಇವತ್ತಿನ ವಿಷಯ ಒಂದು ಸೊಪ್ಪು. ಅಮೆರಿಕದ ಅಂಗಡಿಗಳಲ್ಲಿ ಇದಕ್ಕೆ ಚೈನೀಸ್ ಬ್ರೊಕೊಲಿ ಅಂತಾರೆ. ಕ್ಯಾಂಟನೀಸ್ ಮಾತಾಡೋರು ಗಾಯ್ ಲಾನ್ ಅಂತಾರೆ, ಸಿಂಗಪುರ ಮತ್ತು ಮಲೇಷ್ಯಾದಲ್ಲಿ ಕೈಲಾನ್, ಥಾಯ್ ಹೋಟೆಲಿನಲ್ಲಿ ಖನಾ. ನೀವು ಪ್ಯಾಡ್ ಸೀ ಯೂ ನೂಡಲ್ಸ್ ತಿಂದಿದ್ರೆ, ಅದರಲ್ಲಿ ದಪ್ಪ ದಂಟಿನ ಕಡುಹಸಿರು ಸೊಪ್ಪು ಇರುತ್ತಲ್ಲ, ಅದೇ ಇದು. ನಾನು ಕೈಲಾನ್ ಅಂತಲೇ ಕರೀತೀನಿ, ನಮ್ಮ ನಾಲಿಗೆಗೆ ಅದು ಸಲೀಸು.

ಹಿತ್ತಲಲ್ಲಿ ಸೊಪ್ಪು ಬೆಳೆಯೋ ಕೇಳುಗರಿಂದ ಈ ಗಿಡದ ಬಗ್ಗೆ ಮೂರು ಪ್ರಶ್ನೆ ಬಂದಿವೆ. ಮೊದಲನೆಯದು: ಅಂಗಡಿಯದು ಸಿಹಿಯಾಗಿರುತ್ತೆ, ನಾನು ಬೆಳೆದದ್ದು ಕಹಿ, ಮಕ್ಕಳು ಮುಟ್ಟೋದೇ ಇಲ್ಲ, ಯಾಕೆ? ಎರಡನೆಯದು: ಊರಿಂದ ಅಪ್ಪ ಬಂದಿದ್ದಾರೆ, ರಕ್ತ ಹೆಪ್ಪುಗಟ್ಟದ ಹಾಗೆ ಮಾತ್ರೆ ತಗೊಳ್ತಾರೆ, ಸೊಪ್ಪನ್ನ ಬೇಯಿಸಿ ನೀರು ಬಸಿದು ಕೊಟ್ಟರೆ ಆಗುತ್ತಾ? ಮೂರನೆಯದು: ಅಮ್ಮನಿಗೆ ಥೈರಾಯ್ಡ್ ತೊಂದರೆ, ಕೋಸಿನ ಜಾತಿ ಬೇಡ ಅಂತ ಯಾರೋ ಹೇಳಿದ್ದಾರೆ, ಇದೂ ಅದೇ ಜಾತಿಯಾ?

ನೋಡೋಕೆ ಇವು ಮೂರು ಬೇರೆ ಬೇರೆ ಪ್ರಶ್ನೆ. ಆದರೆ ಉತ್ತರ ಒಂದೇ ಕಡೆ ಇದೆ. ಈ ಗಿಡದ ಜೀವಕೋಶಕ್ಕೆ ಚಾಕು ತಾಗಿದಾಗ ಏನಾಗುತ್ತೆ, ಬಿಸಿ ತಾಗಿದಾಗ ಏನಾಗುತ್ತೆ, ನೀರು ತಾಗಿದಾಗ ಏನು ಹೊರಗೆ ಹೋಗುತ್ತೆ, ಏನು ಒಳಗೇ ಉಳಿಯುತ್ತೆ? ಇಷ್ಟು ಗೊತ್ತಾದರೆ ಯಾವಾಗ ಬಿತ್ತಬೇಕು, ಯಾವಾಗ ಕೊಯ್ಯಬೇಕು, ಹೇಗೆ ಬೇಯಿಸಬೇಕು ಅನ್ನೋದು ತಾನಾಗೇ ತಿಳಿಯುತ್ತೆ.

ಇದು ಯಾರ ಕುಲ?

ಹೆಸರಲ್ಲಿ ಬ್ರೊಕೊಲಿ ಇದ್ದರೂ ಇದರಲ್ಲಿ ದೊಡ್ಡ ಹೂಗೊಂಚಲು ಇಲ್ಲ. ನೀಲಿ ಛಾಯೆಯ ಅಗಲ ಎಲೆ, ಬೆರಳು ದಪ್ಪದ ದಂಟು, ತುದಿಯಲ್ಲಿ ಒಂದು ಪುಟ್ಟ ಮೊಗ್ಗಿನ ಗುಚ್ಛ. ನಾವು ತಿನ್ನೋದು ಮುಖ್ಯವಾಗಿ ದಂಟು. ದಂಟಿನ ಸೊಪ್ಪಿನ ಹುಳಿ ತಿಂದು ಬೆಳೆದವರಿಗೆ ಇದರ ರುಚಿ ಅರ್ಥ ಆಗೋಕೆ ಹೆಚ್ಚು ಹೊತ್ತು ಬೇಡ.

ಸಸ್ಯಶಾಸ್ತ್ರದ ಪ್ರಕಾರ ಇದು ಬ್ರಾಸಿಕಾ ಒಲೆರೇಸಿಯಾ ಅನ್ನೋ ಪ್ರಭೇದ. ಕೋಸು, ಹೂಕೋಸು, ನವಿಲುಕೋಸು, ಬ್ರೊಕೊಲಿ, ಕೇಲ್ ಎಲ್ಲವೂ ಇದೇ ಪ್ರಭೇದ. ಹತ್ತಿರದ ಸಂಬಂಧಿಗಳು ಅಂತಲ್ಲ, ಒಂದೇ ಪ್ರಭೇದ. ಮೆಡಿಟರೇನಿಯನ್ ಸೀಮೆಯ ಒಂದು ಕಾಡುಗಿಡವನ್ನ ಜನ ಸಾವಿರಾರು ವರ್ಷ ಆರಿಸಿ ಆರಿಸಿ ಬೆಳೆಸಿದರು. ಎಲೆ ಮಡಚಿಕೊಂಡಿದ್ದನ್ನ ಆರಿಸಿದವರಿಗೆ ಕೋಸು ಸಿಕ್ಕಿತು, ಕಾಂಡ ಉಬ್ಬಿದ್ದನ್ನ ಆರಿಸಿದವರಿಗೆ ನವಿಲುಕೋಸು, ಹೂಗೊಂಚಲನ್ನ ಆರಿಸಿದವರಿಗೆ ಹೂಕೋಸು. ದಕ್ಷಿಣ ಚೀನಾದ ರೈತರು ಆರಿಸಿದ್ದು ಎಳೆ ದಂಟನ್ನ. ಹನ್ನೊಂದನೇ ಶತಮಾನದ ಚೀನೀ ಕವಿ ಸು ಶಿ ದಕ್ಷಿಣದ ಗ್ವಾಂಗ್‌ಡಾಂಗ್ ಸೀಮೆಗೆ ಗಡೀಪಾರಾಗಿದ್ದಾಗ ಬರೆದ ಒಂದು ಪದ್ಯದಲ್ಲೇ ಈ ಹೆಸರಿನ ತರಕಾರಿ ಬರುತ್ತೆ. ಅಂದರೆ ಯುರೋಪಿನ ಹಡಗುಗಳು ಆ ಕಡಲಿಗೆ ಬರೋ ಮೊದಲೇ ಅಲ್ಲಿನವರಿಗೆ ಈ ಹೆಸರು ಪರಿಚಿತ.

ಚೀನೀ ಲಿಪಿಯಲ್ಲಿ ಹೆಸರಿನ ಮೊದಲ ಅಕ್ಷರಕ್ಕೆ ಸಾಸಿವೆ ಅಂತ ಅರ್ಥ. ಆದರೆ ನಾವು ಒಗ್ಗರಣೆಗೆ ಹಾಕೋ ಕಂದು ಸಾಸಿವೆ ಬೇರೆ ಪ್ರಭೇದ, ಬ್ರಾಸಿಕಾ ಜುನ್ಸಿಯಾ. 1935ರಲ್ಲಿ ಜಪಾನಿನಲ್ಲಿ ಕೆಲಸ ಮಾಡುತ್ತಿದ್ದ ಕೊರಿಯನ್ ಮೂಲದ ವಿಜ್ಞಾನಿ ವೂ ಜಾಂಗ್-ಚೂನ್ ವರ್ಣತಂತುಗಳನ್ನ ಎಣಿಸಿ ಈ ಬಳಗದ ವಂಶಾವಳಿಯನ್ನ ಬಿಡಿಸಿಟ್ಟರು. ಅದರ ಪ್ರಕಾರ ಕಂದು ಸಾಸಿವೆ ಎರಡು ಬೇರೆ ಪ್ರಭೇದಗಳು ಕೂಡಿ ಹುಟ್ಟಿದ್ದು: ಒಂದು ಟರ್ನಿಪ್, ಬೊಕ್ ಚಾಯ್‌ಗಳ ಪ್ರಭೇದ, ಇನ್ನೊಂದು ಕರಿ ಸಾಸಿವೆ. ಕೈಲಾನ್ ಅದರಲ್ಲಿ ಸೇರಿಲ್ಲ. ಸಾಸಿವೆಗೆ ಇದು ದಾಯಾದಿ ಅಷ್ಟೆ. ಆದರೆ ರಾಸಾಯನಿಕ ಆಯುಧ ಮಾತ್ರ ಇಬ್ಬರಿಗೂ ಒಂದೇ.

ಸಾಸಿವೆ ಕಲಿಸೋ ಪಾಠ

ನಮ್ಮ ಅಡುಗೆಮನೆಯಲ್ಲಿ ಸಾಸಿವೆಗೆ ಎರಡು ಅವತಾರ ಇದೆ. ಕಾದ ಎಣ್ಣೆಗೆ ಹಾಕಿ ಸಿಡಿಸಿದರೆ ಹುರಿದ ಬೀಜದ ಪರಿಮಳ ಬರುತ್ತೆ, ಖಾರ ಇರಲ್ಲ. ಅದೇ ಸಾಸಿವೆಯನ್ನ ಹಸಿಯಾಗಿ, ತಣ್ಣೀರು ಹಾಕಿ ಕಾಯಿಯ ಜೊತೆ ಅರೆದರೆ ಐದು ನಿಮಿಷದಲ್ಲಿ ಮೂಗಿಗೆ ಏರೋ ಘಾಟು. ಬೀಜ ಒಂದೇ, ಡಬ್ಬಿಯೂ ಒಂದೇ. ವ್ಯತ್ಯಾಸ ಎಲ್ಲಿಂದ ಬಂತು?

ಸಾಸಿವೆಯ ಜೀವಕೋಶಗಳಲ್ಲಿ ಗ್ಲುಕೋಸಿನೊಲೇಟ್ ಅನ್ನೋ ಗಂಧಕದ ಸಂಯುಕ್ತಗಳಿವೆ. ಪಕ್ಕದಲ್ಲೇ, ಆದರೆ ಬೇರೆ ಕೋಣೆಯಲ್ಲಿ, ಮೈರೊಸಿನೇಸ್ ಅನ್ನೋ ಕಿಣ್ವ ಇದೆ. ಗಿಡ ಸುಮ್ಮನಿದ್ದಾಗ ಇವೆರಡು ಭೇಟಿಯಾಗಲ್ಲ. ಹುಳು ಕಚ್ಚಿದಾಗ, ಒರಳಲ್ಲಿ ಅರೆದಾಗ, ಚಾಕು ತಾಗಿದಾಗ ಗೋಡೆ ಒಡೆಯುತ್ತೆ, ಕಿಣ್ವ ಗ್ಲುಕೋಸಿನೊಲೇಟನ್ನ ಕತ್ತರಿಸುತ್ತೆ, ಐಸೊಥಯೊಸಯನೇಟ್ ಅನ್ನೋ ಘಾಟಿನ ಪದಾರ್ಥ ಅಲ್ಲೇ ಹುಟ್ಟುತ್ತೆ. ಒಗ್ಗರಣೆಯಲ್ಲಿ ಬಿಸಿ ಎಣ್ಣೆ ಕಿಣ್ವವನ್ನ ಮೊದಲೇ ಕೆಡಿಸಿಬಿಡುತ್ತೆ. ಅದಕ್ಕೇ ಘಾಟಿಲ್ಲ.

ಕೈಲಾನಿನಲ್ಲೂ ಇದೇ ವ್ಯವಸ್ಥೆ. ಅದರಲ್ಲಿ ಹೆಚ್ಚಾಗಿರೋದು ಗ್ಲುಕೋನೇಪಿನ್ ಅನ್ನೋ ಬಗೆ. ಬ್ರೊಕೊಲಿಯಲ್ಲಿ ಹೆಸರು ಮಾಡಿರೋ ಗ್ಲುಕೋರಫಾನಿನ್ ಕೂಡ ಸ್ವಲ್ಪ ಇದೆ. ಇಲ್ಲಿ ಮೂರು ರುಚಿಗಳನ್ನ ಬೇರೆ ಬೇರೆ ಮಾಡಿ ಇಟ್ಟುಕೊಳ್ಳಿ, ಮುಂದೆಲ್ಲ ಬೇಕಾಗುತ್ತೆ.

ಒಂದು, ಕಹಿ. ಇದು ಬಹುಪಾಲು ಕತ್ತರಿಸದ, ಇಡಿಯಾದ ಗ್ಲುಕೋಸಿನೊಲೇಟಿನದ್ದೇ ರುಚಿ. ಇದು ನೀರಲ್ಲಿ ಕರಗುತ್ತೆ.

ಎರಡು, ಘಾಟು. ಇದು ಕಿಣ್ವ ಕೆಲಸ ಮಾಡಿದಾಗ ಮಾತ್ರ ಹುಟ್ಟುತ್ತೆ. ಹಸಿ ದಂಟನ್ನ ಕಚ್ಚಿದರೆ ಸಿಗೋದು ಇದು. ಬಿಸಿ ತಾಗಿದರೆ ನಿಲ್ಲುತ್ತೆ.

ಮೂರು, ಗಬ್ಬು. ಕೋಸನ್ನ ಅರ್ಧ ಗಂಟೆ ಕುದಿಸಿದ ಮನೆಯ ವಾಸನೆ ಗೊತ್ತಲ್ಲ? ಗಂಧಕದ ಸಂಯುಕ್ತಗಳು ಹೆಚ್ಚು ಹೊತ್ತು ಬೆಂದು ಒಡೆದಾಗ ಬರೋದು ಅದು. ಇದು ಗಿಡದ ತಪ್ಪಲ್ಲ, ಒಲೆಯ ಮುಂದೆ ನಿಂತವರದ್ದು.

ಪಾತಿಯಲ್ಲಿ ಕಹಿ ಏರೋದು ಯಾಕೆ

ಗ್ಲುಕೋಸಿನೊಲೇಟ್ ಗಿಡದ ರಕ್ಷಣಾ ಖಾತೆ. ಕಷ್ಟ ಬಂದಾಗ ಗಿಡ ಆ ಖಾತೆಗೆ ಹೆಚ್ಚು ಹಾಕುತ್ತೆ. ಕಷ್ಟ ಅಂದರೆ ಬಿಸಿಲಿನ ಝಳ, ಒಣಗಿದ ಮಣ್ಣು, ಹುಳುಗಳ ಕಾಟ. ಆದ್ದರಿಂದ ಸಿಹಿಯಾದ ಕೈಲಾನ್ ಬೇಕಾದರೆ ಗಿಡವನ್ನ ತಣ್ಣಗೆ, ತೇವದಲ್ಲಿ, ತಡವಿಲ್ಲದೆ ಬೆಳೆಸಬೇಕು. ಹಗಲಲ್ಲಿ 15ರಿಂದ 25 ಡಿಗ್ರಿ ಸೆಲ್ಸಿಯಸ್ ಇದಕ್ಕೆ ಹಿತ.

ನಾನಿರೋದು ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ. ಇಲ್ಲಿ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್‌ವರೆಗೆ ಬಿತ್ತಿದರೆ ಚಳಿಗಾಲದಲ್ಲಿ ಕೊಯ್ಲು, ಫೆಬ್ರವರಿಯಲ್ಲಿ ಬಿತ್ತಿದರೆ ಬೇಸಗೆಗೆ ಮೊದಲು ಇನ್ನೊಂದು ಬೆಳೆ. ಟೊರಾಂಟೊ, ಷಿಕಾಗೊ ಕಡೆಯವರು ವಸಂತದಲ್ಲಿ ಹಿಮ ಕಳೆದ ಕೂಡಲೇ ಒಮ್ಮೆ, ಆಗಸ್ಟ್‌ನಲ್ಲಿ ಇನ್ನೊಮ್ಮೆ ಬಿತ್ತಬಹುದು. ಬ್ರಿಟನ್ನಿನವರು ಜುಲೈ, ಆಗಸ್ಟ್‌ವರೆಗೆ ಕಾಯೋದು ಒಳ್ಳೇದು, ಅದಕ್ಕೂ ಮುಂಚೆ ಬಿತ್ತಿದ್ದು ಬೇಗ ಹೂವಿಗೆ ಹೋಗುತ್ತೆ. ಮೆಲ್ಬರ್ನ್, ಸಿಡ್ನಿಯವರಿಗೆ ಮಾರ್ಚ್, ಏಪ್ರಿಲ್. ದುಬೈ, ಕುವೈತ್‌ನವರಿಗೆ ನವೆಂಬರ್‌ನಿಂದ ಜನವರಿ. ಸಿಂಗಪುರದವರು ವರ್ಷವಿಡೀ ಬೆಳೆಯಬಹುದು, ಆದರೆ ಮಧ್ಯಾಹ್ನದ ನೆರಳು ಕೊಟ್ಟು ಗೇಣುದ್ದ ಇದ್ದಾಗಲೇ ಕಿತ್ತುಬಿಡಿ. ಅಲ್ಲಿನ ಅಂಗಡಿಯಲ್ಲಿ ಬೇಬಿ ಕೈಲಾನ್ ಅಂತ ಸಿಗೋದು ಹಾಗೆ ಎಳೆಯದರಲ್ಲೇ ಕಿತ್ತ ಗಿಡ.

ಬೀಜ ಸಾಸಿವೆ ಕಾಳಿನಷ್ಟೇ ಇರುತ್ತೆ. ಒಂದು ಸೆಂಟಿಮೀಟರ್ ಆಳಕ್ಕೆ ಹಾಕಿ. ಮೂರರಿಂದ ಏಳು ದಿನದಲ್ಲಿ ಮೊಳಕೆ. ಸಸಿಗಳು ನಾಲ್ಕೆಲೆ ಆದಾಗ 15ರಿಂದ 20 ಸೆಂಟಿಮೀಟರಿಗೆ ಒಂದು ಉಳಿಸಿ, ಮಿಕ್ಕದ್ದನ್ನ ಕಿತ್ತು ಪಲ್ಯಕ್ಕೆ ಹಾಕಿ. ಕಾಂಪೋಸ್ಟ್ ಅಥವಾ ಎರೆಗೊಬ್ಬರ ಮೊದಲೇ ಮಣ್ಣಿಗೆ ಸೇರಿರಲಿ. ಮೇಲೆ ಒಣಹುಲ್ಲಿನ ಹೊದಿಕೆ ಹಾಕಿದರೆ ತೇವ ಒಂದೇ ಸಮ ಇರುತ್ತೆ. ಎರಡು ದಿನ ಒಣಗಿಸಿ ಮೂರನೇ ದಿನ ಮುಳುಗಿಸೋದಕ್ಕಿಂತ ದಿನಾ ಸ್ವಲ್ಪ ನೀರು ಮೇಲು. ಕುಂಡದಲ್ಲೂ ಬರುತ್ತೆ, ಆದರೆ ಕುಂಡ ಬೇಗ ಕಾಯುತ್ತೆ, ಬೇಗ ಒಣಗುತ್ತೆ ಅನ್ನೋದು ನೆನಪಿರಲಿ.

ಒಂದು ಮುಖ್ಯ ಮಾತು. ಪ್ಯಾಕೆಟ್ಟಿನ ಬೀಜವನ್ನೆಲ್ಲ ಒಂದೇ ದಿನ ಸುರೀಬೇಡಿ. ಮೂರು ವಾರಕ್ಕೊಮ್ಮೆ ಒಂದು ಚಿಕ್ಕ ಸಾಲು ಸಾಕು. ಇದು ತೋಟಗಾರಿಕೆಯ ಅನುಕೂಲ ಮಾತ್ರ ಅಲ್ಲ. ಎರಡನೇ ಪ್ರಶ್ನೆಗೆ ಉತ್ತರ ಹೇಳುವಾಗ ಇದು ಮತ್ತೆ ಬರುತ್ತೆ.

ಹುಳುಗಳು ಕಲಿತ ಮೂರು ಉಪಾಯ

ಇಷ್ಟೊಂದು ಘಾಟಿನ ಆಯುಧ ಇದ್ದರೂ ಕೈಲಾನಿಗೆ ಹುಳು ಯಾಕೆ ಬೀಳುತ್ತೆ? ಜೀವವಿಜ್ಞಾನದಲ್ಲಿ ನನಗೆ ತುಂಬಾ ಇಷ್ಟವಾದ ಕತೆ ಇದು.

ಬಿಳಿ ಚಿಟ್ಟೆ ನೋಡಿರ್ತೀರಿ, ರೆಕ್ಕೆ ಮೇಲೆ ಕಪ್ಪು ಚುಕ್ಕೆ ಇರೋದು. ಅದು ಎಲೆಯ ಮೇಲೆ ಕೂತು ಕಾಲಿನಿಂದಲೇ ರುಚಿ ನೋಡುತ್ತೆ. ಗ್ಲುಕೋಸಿನೊಲೇಟ್ ಸಿಕ್ಕರೆ ಇದೇ ಸರಿಯಾದ ಗಿಡ ಅಂತ ಮೊಟ್ಟೆ ಇಡುತ್ತೆ. ಅಂದರೆ ನಮಗೆ ಕಹಿಯಾದದ್ದು ಅದಕ್ಕೆ ವಿಳಾಸ. ಅದರ ಹಸಿರು ಮರಿಹುಳುವಿನ ಹೊಟ್ಟೆಯಲ್ಲಿ ಒಂದು ಪ್ರೋಟೀನ್ ಇದೆ. ಕಿಣ್ವದ ಕೆಲಸವನ್ನ ಅದು ದಾರಿ ತಪ್ಪಿಸುತ್ತೆ, ಘಾಟಿನ ಪದಾರ್ಥದ ಬದಲು ಅಷ್ಟು ತೊಂದರೆ ಕೊಡದ ನೈಟ್ರೈಲ್ ಹುಟ್ಟುತ್ತೆ.

ಡೈಮಂಡ್‌ಬ್ಯಾಕ್ ಪತಂಗದ ಮರಿ ಇನ್ನೊಂದು ಉಪಾಯ ಮಾಡುತ್ತೆ. ಗ್ಲುಕೋಸಿನೊಲೇಟಿನ ಒಂದು ತುಂಡನ್ನ ಮೊದಲೇ ಕತ್ತರಿಸಿಬಿಡುತ್ತೆ, ಆಮೇಲೆ ಗಿಡದ ಕಿಣ್ವ ಅದನ್ನ ಗುರುತಿಸೋಕೇ ಆಗಲ್ಲ. ಕರ್ನಾಟಕದಲ್ಲಿ ಕೋಸು ಬೆಳೆಯೋ ರೈತರಿಗೂ ಈ ಹುಳುವಿನ ಕಾಟ ಚೆನ್ನಾಗಿ ಗೊತ್ತು.

ಮೂರನೆಯದು ಬೂದು ಪುಡಿ ಬಳಿದ ಹಾಗೆ ಕಾಣೋ ಸಸ್ಯಹೇನು. ಇದು ಗಿಡದಿಂದ ಗ್ಲುಕೋಸಿನೊಲೇಟನ್ನ ಹೀರಿ ಮೈಯಲ್ಲಿ ಕೂಡಿಡುತ್ತೆ, ಜೊತೆಗೆ ಸ್ವಂತ ಮೈರೊಸಿನೇಸನ್ನೂ ಇಟ್ಟುಕೊಂಡಿದೆ. ಯಾರಾದರೂ ಅದನ್ನ ತಿಂದರೆ ಅವರ ಬಾಯಲ್ಲಿ ಸಾಸಿವೆ ಘಾಟು! ಗಿಡದ ಆಯುಧವನ್ನೇ ಕದ್ದು ಗಿಡದ ಮೇಲೆ ಕೂತಿದೆ.

ಆದ್ದರಿಂದ ಸುಮ್ಮನೆ ಖಾರದ ನೀರು, ಬೆಳ್ಳುಳ್ಳಿ ನೀರು ನಂಬಿ ಕೂರೋದಕ್ಕಿಂತ ಬಿತ್ತಿದ ದಿನವೇ ಸಣ್ಣ ಕಣ್ಣಿನ ಬಲೆ ಹಾಕಿ. ಚಿಟ್ಟೆ ಕೂರದಿದ್ದರೆ ಮೊಟ್ಟೆ ಇಲ್ಲ. ವಾರಕ್ಕೆರಡು ಸಲ ಎಲೆ ಮಗುಚಿ ನೋಡಿ, ಹಳದಿ ಮೊಟ್ಟೆ ಒಂಟಿಯಾಗಿ ಇರುತ್ತೆ, ಬೆರಳಲ್ಲಿ ಒರೆಸಿಬಿಡಿ. ಹೇನಿಗೆ ಪೈಪಿನ ನೀರಿನ ರಭಸ ಸಾಕು. ಮರಿಹುಳು ಮಿತಿ ಮೀರಿದರೆ ಬಿಟಿ ಅನ್ನೋ ಬ್ಯಾಕ್ಟೀರಿಯಾದ ಪುಡಿ ಸಿಗುತ್ತೆ. ಅದರ ಪ್ರೋಟೀನ್ ಚುರುಕಾಗೋದು ಮರಿಹುಳುವಿನ ಕ್ಷಾರೀಯ ಹೊಟ್ಟೆಯಲ್ಲಿ, ನಮ್ಮ ಹೊಟ್ಟೆ ಆಮ್ಲೀಯ. ಆದರೂ ಪ್ಯಾಕೆಟ್ಟಿನ ಮೇಲಿರೋ ಸೂಚನೆ ಓದಿ, ಸೊಪ್ಪನ್ನ ತೊಳೆದೇ ಬಳಸಿ.

ಕೊಯ್ಲಿಗೆ ಒಂದೇ ವಾರ

ಕೋಸು ಹೂಬಿಡಬೇಕಾದರೆ ವಾರಗಟ್ಟಲೆ ಚಳಿ ಬೇಕು. ಕೈಲಾನಿಗೆ ಆ ಹಂಗಿಲ್ಲ, ಬೇಗ ಮೊಗ್ಗು ಹಾಕುತ್ತೆ. ಅದಕ್ಕೇ ಬಿಸಿ ಊರುಗಳಲ್ಲೂ ಇದು ಬರೋದು. ಆದರೆ ಅದೇ ಗುಣದಿಂದ ಕೊಯ್ಲಿನ ಕಾಲ ಚಿಕ್ಕದು. ಬಿತ್ತಿ 50ರಿಂದ 70 ದಿನಕ್ಕೆ ಮೊಗ್ಗಿನ ಗುಚ್ಛ ಎಲೆಗಳ ಮಟ್ಟಕ್ಕೆ ಏರುತ್ತೆ. ಒಂದೋ ಎರಡೋ ಬಿಳಿ ಹೂ ಬಿಚ್ಚೋ ಹೊತ್ತಿಗೆ ಕೊಯ್ದುಬಿಡಬೇಕು. ಪೂರ್ತಿ ಅರಳಲು ಬಿಟ್ಟರೆ ದಂಟಿನಲ್ಲಿ ಲಿಗ್ನಿನ್ ತುಂಬಿ ನಾರಾಗುತ್ತೆ. ಲಿಗ್ನಿನ್ ಅಂದರೆ ಮರವನ್ನ ಮರ ಮಾಡೋ ಪದಾರ್ಥ. ಅದು ಒಮ್ಮೆ ಬಂದ ಮೇಲೆ ಎಷ್ಟು ಬೇಯಿಸಿದರೂ ಹೋಗಲ್ಲ.

ಬುಡದಿಂದ ನಾಲ್ಕೈದು ಎಲೆ ಬಿಟ್ಟು, ಗೇಣುದ್ದ ದಂಟನ್ನ ಓರೆಯಾಗಿ ಕತ್ತರಿಸಿ. ತುದಿ ಹೋದರೆ ಪಕ್ಕದ ಕವಲುಗಳು ಚಿಗುರುತ್ತವೆ, ಎರಡನೇ ಮೂರನೇ ಕೊಯ್ಲು ಸಿಗುತ್ತೆ. ಬೆಳಿಗ್ಗೆ ಬಿಸಿಲೇರೋ ಮುಂಚೆ ಕೊಯ್ದರೆ ದಂಟಿನಲ್ಲಿ ನೀರು ತುಂಬಿರುತ್ತೆ. ಎಳೆಯದೋ ಬಲಿತದ್ದೋ ಅನ್ನೋದಕ್ಕೆ ದಂಟನ್ನ ಬಗ್ಗಿಸಿ ನೋಡಿ. ಟಪ್ ಅಂತ ಮುರಿದರೆ ಎಳೆಯದು, ಬಾಗಿದರೆ ನಾರು. ಬಲಿತಿದ್ದರೆ ಬುಡದ ಸಿಪ್ಪೆ ಹೆರೆಯಿರಿ, ನಾರಿನ ಉಂಗುರ ಹೊರಭಾಗದಲ್ಲೇ ಇರೋದು.

ಒಲೆಯ ಮೇಲೆ: ನೀರಿಗೆ ಹೋಗೋದು, ಹೋಗದೆ ಇರೋದು

ಕ್ಯಾಂಟನೀಸ್ ಮನೆಗಳಲ್ಲಿ ಇದನ್ನ ಮಾಡೋ ಕ್ರಮ ಹೀಗೆ. ಒಂದು ದೊಡ್ಡ ಪಾತ್ರೆಯಲ್ಲಿ ನೀರು ಕುದಿಸಿ, ಉಪ್ಪು ಮತ್ತು ಒಂದು ಚಮಚ ಎಣ್ಣೆ ಹಾಕಿ, ಇಡೀ ದಂಟನ್ನ ಹಾಗೇ ಇಳಿಬಿಡ್ತಾರೆ. ದಂಟು ಮೊದಲು, ಎಲೆ ಆಮೇಲೆ. ಎರಡು ಮೂರು ನಿಮಿಷಕ್ಕೆ ತೆಗೆದು, ಸಾಸ್ ಸುರಿದು ಬಡಿಸ್ತಾರೆ. ಸಸ್ಯಾಹಾರಿಗಳು ಇಲ್ಲಿ ಗಮನಿಸಿ, ಹೋಟೆಲಿನಲ್ಲಿ ಆ ಸಾಸ್ ಸಾಮಾನ್ಯವಾಗಿ ಆಯ್ಸ್ಟರ್ ಸಾಸ್, ಅದರಲ್ಲಿ ಸಿಂಪಿಮಾಂಸದ ಸಾರ ಇರುತ್ತೆ. ಬರೀ ಸೊಪ್ಪು ಅಂತ ತಿಳಿದು ತರಿಸಬೇಡಿ, ಕೇಳಿ ತರಿಸಿ. ಅಣಬೆಯಿಂದ ಮಾಡಿದ ಸಸ್ಯಾಹಾರಿ ಸಾಸ್ ಕೂಡ ಅಂಗಡಿಯಲ್ಲಿದೆ. ಮನೆಯಲ್ಲಾದರೆ ಸೋಯಾ ಸಾಸ್, ಹೆಚ್ಚಿದ ಶುಂಠಿ, ಚಿಟಿಕೆ ಸಕ್ಕರೆ, ಮೇಲೆ ಒಂದು ಚಮಚ ಕಾದ ಎಣ್ಣೆ ಸಾಕು.

ಆ ಎರಡು ನಿಮಿಷದಲ್ಲಿ ಏನಾಯ್ತು ನೋಡಿ. ಕುದಿನೀರು ಕಿಣ್ವವನ್ನ ಕೆಡಿಸಿತು, ಘಾಟು ನಿಂತಿತು. ಗ್ಲುಕೋಸಿನೊಲೇಟಿನ ಒಂದು ಪಾಲು ನೀರಿಗೆ ಇಳಿಯಿತು, ಕಹಿ ತಗ್ಗಿತು. ಇಡಿಯಾಗಿ ಹಾಕಿದ್ದರಿಂದ ಕಹಿ ಪೂರ್ತಿ ಹೋಗಲಿಲ್ಲ, ಸಣ್ಣಗೆ ಹೆಚ್ಚಿದ್ದರೆ ಇನ್ನೂ ಹೋಗುತ್ತಿತ್ತು. 2007ರಲ್ಲಿ ಪ್ರಕಟವಾದ ಬ್ರಿಟನ್ನಿನ ಒಂದು ಅಧ್ಯಯನದಲ್ಲಿ ಬ್ರೊಕೊಲಿ, ಹೂಕೋಸು, ಕೋಸು ಮುಂತಾದವನ್ನ 30 ನಿಮಿಷ ಕುದಿಸಿದಾಗ ತರಕಾರಿಗೆ ತಕ್ಕಂತೆ ಶೇಕಡ 58ರಿಂದ 77ರಷ್ಟು ಗ್ಲುಕೋಸಿನೊಲೇಟ್ ಹೋಗಿತ್ತು, ಅದರಲ್ಲಿ ಬಹುಪಾಲು ನೀರಿನಲ್ಲೇ ಸಿಕ್ಕಿತು. ಹಬೆಯಲ್ಲಿ ಬೇಯಿಸಿದಾಗ, ಬಾಣಲೆಯಲ್ಲಿ ಐದು ನಿಮಿಷದೊಳಗೆ ಬಾಡಿಸಿದಾಗ ಹೇಳಿಕೊಳ್ಳುವಂಥ ನಷ್ಟ ಕಾಣಲಿಲ್ಲ.

ಈಗ ನಮ್ಮ ಬಸ್ಸಾರಿಗೆ ಬರೋಣ. ಬಸ್ಸಾರಿನಲ್ಲೂ ಸೊಪ್ಪು ಬೇಯಿಸಿ ನೀರು ಬಸಿಯುತ್ತೀವಿ. ಆದರೆ ಕ್ಯಾಂಟನೀಸ್ ಅಡುಗೆಯವರು ಚೆಲ್ಲೋ ನೀರನ್ನ ನಾವು ಸಾರು ಮಾಡಿ ಮುದ್ದೆ ಜೊತೆ ಉಣ್ಣುತ್ತೀವಿ. ನೀರಿಗೆ ಇಳಿದ ಫೋಲೇಟ್ ಮತ್ತು ವಿಟಮಿನ್ ಸಿ ತಟ್ಟೆಗೇ ವಾಪಸ್ ಬರುತ್ತೆ. ಜೊತೆಗೆ ಕಹಿಯೂ ಬರುತ್ತೆ, ಅದೇ ಅದರ ಲೆಕ್ಕ. ಕೈಲಾನಿನ ಬಸ್ಸಾರು ಮಾಡುವಾಗ ಹೆಸರುಕಾಳನ್ನೋ ಹಲಸಂದೆಯನ್ನೋ ಮೊದಲು ಮುಕ್ಕಾಲು ಬೇಯಿಸಿ, ಆಮೇಲೆ ದಂಟು ಹಾಕಿ ಮೂರು ನಿಮಿಷ, ಎಲೆ ಹಾಕಿ ಎರಡು ನಿಮಿಷ, ಕೂಡಲೇ ಬಸಿಯಿರಿ. ಎಳೆ ಕೈಲಾನಿಗೆ ಇಷ್ಟು ಸಾಕು, ಸಾರಿಗೆ ಹುರಿದ ಬೆಳ್ಳುಳ್ಳಿ, ಕಾಯಿ, ಹುಣಸೆ ಬಿದ್ದ ಮೇಲೆ ಕಹಿ ಅಡಗುತ್ತೆ. ಬಿಸಿಲಲ್ಲಿ ಬೆಳೆದ ಬಲಿತ ದಂಟಾದರೆ ಬೇರೆ ನೀರಲ್ಲಿ ಒಂದು ನಿಮಿಷ ಕುದಿಸಿ ಆ ನೀರನ್ನ ಚೆಲ್ಲಿ, ಆಮೇಲೆ ಬಸ್ಸಾರಿಗೆ ಹಾಕಿ.

ಬಸ್ಸಾರಿನಲ್ಲಿ ಇನ್ನೊಂದು ಜಾಣತನ ಇದೆ. ಹುಣಸೆ ಸಾರಿಗೆ ಮಾತ್ರ ಹೋಗುತ್ತೆ, ಸೊಪ್ಪು ಪಲ್ಯವಾಗಿ ಬೇರೆಯೇ ಉಳಿಯುತ್ತೆ. ಹುಳಿ ಅಂದರೆ ಆಮ್ಲ. ಆಮ್ಲ ಮತ್ತು ಬಿಸಿ ಸೇರಿದರೆ ಪತ್ರಹರಿತ್ತಿನ ನಡುವಿನ ಮೆಗ್ನೀಸಿಯಂ ಕಳಚಿಕೊಂಡು ಸೊಪ್ಪು ಮಾಸಲು ಕಂದಾಗುತ್ತೆ. ದಂಟಿನ ಹುಳಿಯ ಹಾಗೆ ಮಾಡೋದಾದರೆ ಬೇಳೆ, ಮಸಾಲೆ, ಹುಣಸೆ ಎಲ್ಲ ಕುದ್ದ ಮೇಲೆ ಕೈಲಾನ್ ಹಾಕಿ, ಐದು ನಿಮಿಷಕ್ಕೆ ಇಳಿಸಿ. ಹಸಿರು ಉಳಿಯಲಿ ಅಂತ ಸೋಡಾ ಹಾಕಬೇಡಿ, ದಂಟು ಲೋಳೆಯಾಗುತ್ತೆ, ವಿಟಮಿನ್ನೂ ಹಾಳು.

ಮೂರನೇ ಬಗೆ ಸಾಸಿವೆ ಗೊಜ್ಜು. ದಂಟನ್ನ ಬಿಲ್ಲೆಗಳಾಗಿ ಹೆಚ್ಚಿ ಎರಡು ನಿಮಿಷ ಹಬೆಯಲ್ಲಿ ಬೇಯಿಸಿ ಆರಿಸಿ. ಅರ್ಧ ಬಟ್ಟಲು ಕಾಯಿತುರಿ, ಒಂದು ಹಸಿಮೆಣಸಿನಕಾಯಿ, ಅರ್ಧ ಚಮಚ ಹಸಿ ಸಾಸಿವೆಯನ್ನ ತಣ್ಣೀರಲ್ಲಿ ಅರೆದು ಬೆರೆಸಿ ಹತ್ತು ನಿಮಿಷ ಬಿಡಿ, ಆಮೇಲೆ ಮೊಸರು, ಉಪ್ಪು, ಚೂರು ಬೆಲ್ಲ. ದಂಟಿನ ಕಿಣ್ವ ಬೇಯಿಸುವಾಗ ಹೋಯ್ತು, ಆದರೆ ಹಸಿ ಸಾಸಿವೆಯ ಕಿಣ್ವ ಜೀವಂತ ಇದೆ. ಅದು ದಂಟಿನಲ್ಲಿ ಉಳಿದ ಗ್ಲುಕೋಸಿನೊಲೇಟಿನ ಮೇಲೂ ಕೆಲಸ ಮಾಡಬಲ್ಲದು. 2018ರಲ್ಲಿ ಪ್ರಕಟವಾದ 12 ಜನರ ಒಂದು ಚಿಕ್ಕ ಪ್ರಯೋಗದಲ್ಲಿ ಬೇಯಿಸಿದ 200 ಗ್ರಾಂ ಬ್ರೊಕೊಲಿಗೆ ಒಂದು ಗ್ರಾಂ ಸಾಸಿವೆ ಪುಡಿ ಸೇರಿಸಿದಾಗ ಸಲ್ಫೊರಫೇನ್ ದೇಹಕ್ಕೆ ಸೇರೋದು ನಾಲ್ಕು ಪಟ್ಟಿಗೂ ಹೆಚ್ಚಾಯಿತು. ಇದು ದೇಹಕ್ಕೆ ಸೇರಿದ ಲೆಕ್ಕ, ಕಾಯಿಲೆ ವಾಸಿಯಾದ ಲೆಕ್ಕ ಅಲ್ಲ. ಎರಡನ್ನೂ ಒಂದೇ ಮಾಡಿ ಫಾರ್ವರ್ಡ್ ಮಾಡೋರು ಬಹಳ ಜನ ಇದ್ದಾರೆ, ಅದಕ್ಕೇ ಒತ್ತಿ ಹೇಳ್ತಿದ್ದೀನಿ.

ಅಪ್ಪನ ಮಾತ್ರೆ

ಈಗ ಎರಡನೇ ಪ್ರಶ್ನೆ. ನೀರು ಬಸಿದರೆ ಕಹಿ ಹೋಗುತ್ತೆ, ಹಾಗೇ ವಿಟಮಿನ್ ಕೆ ಕೂಡ ಹೋಗುತ್ತಾ? ಇಲ್ಲ. ವಿಟಮಿನ್ ಕೆ ಕೊಬ್ಬಿನಲ್ಲಿ ಕರಗೋದು, ನೀರಿನಲ್ಲಲ್ಲ. ಎಷ್ಟು ಬಸಿದರೂ ಬಹುಪಾಲು ಎಲೆಯಲ್ಲೇ ಉಳಿಯುತ್ತೆ. ಬೇಯಿಸಿದ 100 ಗ್ರಾಂ ಕೈಲಾನಿನಲ್ಲಿ ಸುಮಾರು 85 ಮೈಕ್ರೊಗ್ರಾಂ ಇದೆ. ಅಮೆರಿಕದ ಶಿಫಾರಸಿನಲ್ಲಿ ಗಂಡಸರಿಗೆ ದಿನಕ್ಕೆ 120, ಹೆಂಗಸರಿಗೆ 90.

ವಾರ್ಫರಿನ್ ಅನ್ನೋ ಮಾತ್ರೆ ಕೆಲಸ ಮಾಡೋದೇ ವಿಟಮಿನ್ ಕೆ ಚಕ್ರವನ್ನ ತಡೆದು. ಭಾರತದಲ್ಲಿ ಅಸಿಟ್ರೋಮ್ ಅಂತ ಬರೋ ಅಸೆನೊಕೌಮರಾಲ್ ಕೂಡ ಇದೇ ಗುಂಪು. ಊರಲ್ಲಿ ಅವರ ಊಟಕ್ಕೆ ತಕ್ಕಂತೆ ಡಾಕ್ಟರು ಡೋಸ್ ಹೊಂದಿಸಿರ್ತಾರೆ. ಇಲ್ಲಿ ಬಂದ ಮೇಲೆ ಎರಡು ವಾರ ದಿನಾ ತಟ್ಟೆ ತುಂಬಾ ಕೈಲಾನ್ ತಿಂದರೆ ಮಾತ್ರೆಯ ಬಲ ಕುಗ್ಗುತ್ತೆ, ರಕ್ತ ಹೆಪ್ಪುಗಟ್ಟೋ ಅಪಾಯ. ಆ ಹೊಸ ಊಟಕ್ಕೆ ಡೋಸ್ ಏರಿಸಿದ ಮೇಲೆ ಸೊಪ್ಪು ಒಮ್ಮೆಲೇ ನಿಂತರೆ ಅದರ ಉಲ್ಟಾ, ರಕ್ತಸ್ರಾವದ ಅಪಾಯ. ಇಲ್ಲಿ ಅಪಾಯ ಸೊಪ್ಪಿನದ್ದಲ್ಲ, ಏರಿಳಿತದ್ದು. ಹಿತ್ತಲ ಬೆಳೆಯ ಸ್ವಭಾವವೇ ಏರಿಳಿತ: ಬಂದರೆ ಬುಟ್ಟಿಗಟ್ಟಲೆ, ಇಲ್ಲದಿದ್ದರೆ ಏನೂ ಇಲ್ಲ. ಮೂರು ವಾರಕ್ಕೊಂದು ಚಿಕ್ಕ ಸಾಲು ಅಂದಿದ್ದು ಇದಕ್ಕೂ ಸೇರಿಸಿಯೇ. ವಾರವಾರವೂ ಹೆಚ್ಚುಕಡಿಮೆ ಒಂದೇ ಅಳತೆ ಇರಲಿ. ಶುರು ಮಾಡೋ ಮುಂಚೆ ಡಾಕ್ಟರಿಗೆ ಹೇಳಿ, ರಕ್ತಪರೀಕ್ಷೆಯ ದಿನ ತಪ್ಪಿಸಬೇಡಿ. ಮಾತ್ರೆಯ ಹೆಸರನ್ನೂ ಓದಿ ನೋಡಿ. ಅಪಿಕ್ಸಬಾನ್, ರಿವರೊಕ್ಸಬಾನ್ ಆದರೆ ಅವಕ್ಕೂ ವಿಟಮಿನ್ ಕೆಗೂ ಈ ಜಗಳ ಇಲ್ಲ. ಹೆಸರು ನೋಡದೆ ಅಪ್ಪನ ತಟ್ಟೆಯಿಂದ ಸೊಪ್ಪು ತೆಗೆದುಹಾಕೋದು ಬೇಡ, ಗೊತ್ತಿಲ್ಲದೆ ಬಡಿಸೋದೂ ಬೇಡ.

ಅಮ್ಮನ ಥೈರಾಯ್ಡ್

ಈ ಭಯಕ್ಕೆ ಚರಿತ್ರೆ ಇದೆ. 1928ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಹೆಚ್ಚಾಗಿ ಕೋಸನ್ನೇ ತಿನ್ನಿಸಿ ಸಾಕಿದ ಮೊಲಗಳಿಗೆ ಗಳಗಂಡ ಬಂದಿತ್ತು. ಕೆಲವು ಗ್ಲುಕೋಸಿನೊಲೇಟ್‌ಗಳು ಒಡೆದಾಗ ಹುಟ್ಟೋ ಪದಾರ್ಥಗಳು ಥೈರಾಯ್ಡ್ ಗ್ರಂಥಿ ಅಯೋಡಿನ್ ಬಳಸೋದಕ್ಕೆ ಅಡ್ಡಿ ಮಾಡ್ತವೆ. ಮನುಷ್ಯರಲ್ಲೂ ಒಂದು ಪ್ರಕರಣ 2010ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾಯಿತು: 88 ವರ್ಷದ ಒಬ್ಬ ಮಹಿಳೆ ಥೈರಾಯ್ಡ್ ಹಾರ್ಮೋನ್ ತೀವ್ರವಾಗಿ ಕುಸಿದು ಪ್ರಜ್ಞೆ ತಪ್ಪೋ ಸ್ಥಿತಿಗೆ ಹೋದರು. ಅವರು ತಿಂಗಳುಗಟ್ಟಲೆ ದಿನಕ್ಕೆ ಒಂದರಿಂದ ಒಂದೂವರೆ ಕಿಲೋ ಹಸಿ ಬೊಕ್ ಚಾಯ್ ತಿನ್ನುತ್ತಿದ್ದರು.

ದಿನಕ್ಕೆ ಒಂದು ಕಿಲೋ, ಅದೂ ಹಸಿ, ಅನ್ನೋದನ್ನ ಗಮನಿಸಿ. ಬೇಯಿಸಿದರೆ ಕಿಣ್ವ ಕೆಡುತ್ತೆ, ಬಸಿದರೆ ಗ್ಲುಕೋಸಿನೊಲೇಟ್ ತಗ್ಗುತ್ತೆ, ಆ ಪದಾರ್ಥಗಳು ಹುಟ್ಟೋದೂ ಕಡಿಮೆ. ಅಯೋಡಿನ್ ಸಾಕಷ್ಟು ಸಿಗುತ್ತಿರೋರಿಗೆ ವಾರದಲ್ಲಿ ಮೂರ್ನಾಲ್ಕು ದಿನ ಒಂದೊಂದು ಬಟ್ಟಲು ಬೇಯಿಸಿದ ಕೈಲಾನ್ ತೊಂದರೆ ಕೊಡೋ ಪ್ರಮಾಣ ಅಲ್ಲ. ನಿಜವಾಗಿ ನೋಡಬೇಕಾದದ್ದು ಉಪ್ಪಿನ ಡಬ್ಬ. ಊರಲ್ಲಿ ಅಯೋಡಿನ್ ಸೇರಿಸಿದ ಉಪ್ಪೇ ಬರುತ್ತೆ. ಅಮೆರಿಕದಲ್ಲಿ ಅದು ಕಡ್ಡಾಯ ಅಲ್ಲ. ಕೋಷರ್ ಉಪ್ಪು, ಸಮುದ್ರದ ಉಪ್ಪು, ಗುಲಾಬಿ ಉಪ್ಪುಗಳಲ್ಲಿ ಹೆಚ್ಚಾಗಿ ಅಯೋಡಿನ್ ಸೇರಿಸಿರಲ್ಲ. ಲೇಬಲ್ ಓದಿ. ಹಸಿ ಸೊಪ್ಪಿನ ಜ್ಯೂಸ್ ಮಾಡಿ ದಿನಾ ಕುಡಿಯೋ ಅಭ್ಯಾಸ ಇದ್ದರೆ ಡಾಕ್ಟರ ಹತ್ತಿರ ಮಾತಾಡಿ.

ಅಮ್ಮಂದಿರಿಗೆ ಇದರಲ್ಲಿ ಒಂದು ಲಾಭವೂ ಇದೆ, ಕ್ಯಾಲ್ಸಿಯಂ. ಬೇಯಿಸಿದ 100 ಗ್ರಾಂ ಕೈಲಾನಿನಲ್ಲಿ ಸುಮಾರು 100 ಮಿಲಿಗ್ರಾಂ. ಪಾಲಕ್‌ನಲ್ಲೂ ಕ್ಯಾಲ್ಸಿಯಂ ಇದೆ, ಆದರೆ ಆಕ್ಸಲೇಟ್ ಅದನ್ನ ಹಿಡಿದಿಟ್ಟುಕೊಳ್ಳೋದರಿಂದ ನಮಗೆ ದಕ್ಕೋದು ಶೇಕಡ 5ರಷ್ಟು. ಕೈಲಾನಿನ ಸೋದರ ಕೇಲ್ ಅನ್ನು 1990ರಲ್ಲಿ ಹೀನಿ ಮತ್ತು ವೀವರ್ ಪರೀಕ್ಷಿಸಿದಾಗ ಶೇಕಡ 41ರಷ್ಟು ಹೀರಿಕೆ ಕಂಡಿತು. ಹಾಲಿನದ್ದು ಶೇಕಡ 32. ಈ ಬಳಗದಲ್ಲಿ ಆಕ್ಸಲೇಟ್ ಕಡಿಮೆ, ಅದಕ್ಕೇ. ಹಾಲು ಒಗ್ಗದವರಿಗೆ ಇದು ನೆನಪಿಡೋ ಮಾತು.

ಮಕ್ಕಳು ಸುಳ್ಳು ಹೇಳ್ತಿಲ್ಲ

ಕಹಿ ಅಂತ ಮಗು ಮುಖ ಕಿವುಚಿದಾಗ ಹಠ ಅಂದುಕೊಳ್ಳೋ ಮುಂಚೆ ಇದನ್ನ ಕೇಳಿ. ನಮ್ಮ ನಾಲಿಗೆಯಲ್ಲಿ ಕಹಿಯನ್ನ ಗುರುತಿಸೋ ಹಲವು ಗ್ರಾಹಕಗಳಿವೆ. ಅದರಲ್ಲಿ ಒಂದರ ಜೀನ್ ಹೆಸರು ಟಿಎಎಸ್2ಆರ್38. 1931ರಲ್ಲಿ ಆರ್ಥರ್ ಫಾಕ್ಸ್ ಅನ್ನೋ ರಸಾಯನಶಾಸ್ತ್ರಜ್ಞ ಒಂದೇ ಪುಡಿ ತನಗೆ ಸಪ್ಪೆ, ಜೊತೆಯವರಿಗೆ ಕಹಿ ಅನ್ನೋದನ್ನ ಗಮನಿಸಿದರು. ಅದಕ್ಕೆ ಕಾರಣವಾದ ಜೀನ್ ಸಿಕ್ಕಿದ್ದು 2003ರಲ್ಲಿ. ಈ ಜೀನಿನ ಚುರುಕಾದ ರೂಪ ಇರೋರಿಗೆ ಕೋಸಿನ ಬಳಗದ ತರಕಾರಿ ನಿಜಕ್ಕೂ ಹೆಚ್ಚು ಕಹಿ. ಅದೇ ಜೀನ್ ಇದ್ದರೂ ದೊಡ್ಡವರಿಗಿಂತ ಮಕ್ಕಳಿಗೆ ಕಹಿ ಹೆಚ್ಚು ತಿಳಿಯುತ್ತೆ. ಒಂದೇ ಪಲ್ಯ ಅಪ್ಪನಿಗೆ ರುಚಿ, ಮಗಳಿಗೆ ಕಹಿ ಆಗಬಹುದು, ಇಬ್ಬರೂ ಹೇಳ್ತಿರೋದು ನಿಜ.

ಪರಿಹಾರ ನಮ್ಮ ಪಲ್ಯದಲ್ಲೇ ಇದೆ. ಮಕ್ಕಳಿಗೆ ಸಿಪ್ಪೆ ಹೆರೆದ ದಂಟು ಮಾತ್ರ ಕೊಡಿ. ಸಣ್ಣಗೆ ಹೆಚ್ಚಿ, ಒಂದು ನಿಮಿಷ ಕುದಿಸಿ ಬಸಿದು, ಆಮೇಲೆ ಕಾಯಿತುರಿ, ಚೂರು ಬೆಲ್ಲ ಹಾಕಿ ಒಗ್ಗರಣೆ ಕೊಡಿ. ಉಪ್ಪಿಗೆ ಕಹಿಯನ್ನ ಅಡಗಿಸೋ ಗುಣ ಇದೆ, ಆದ್ದರಿಂದ ಉಪ್ಪನ್ನ ಬಸಿಯೋ ನೀರಿಗೆ ಮಾತ್ರ ಅಲ್ಲ, ಪಲ್ಯಕ್ಕೂ ಹದವಾಗಿ ಹಾಕಿ.

ಈ ವಾರದ ಪ್ರಯೋಗ

ಒಂದೇ ದಂಟಿನಿಂದ ಮೂರು ತುಂಡು ಮಾಡಿ. ಮೊದಲನೆಯದನ್ನ ಹಸಿಯಾಗಿ ಜಜ್ಜಿ ಐದು ನಿಮಿಷ ಬಿಡಿ. ಎರಡನೆಯದನ್ನ ಮೂರು ನಿಮಿಷ ಹಬೆಯಲ್ಲಿ ಬೇಯಿಸಿ. ಮೂರನೆಯದನ್ನ ಸಣ್ಣಗೆ ಹೆಚ್ಚಿ ಕುದಿನೀರಿನಲ್ಲಿ ಎರಡು ನಿಮಿಷ ಬೇಯಿಸಿ ಬಸಿಯಿರಿ, ನೀರನ್ನ ಒಂದು ಲೋಟದಲ್ಲಿ ಇಟ್ಟುಕೊಳ್ಳಿ. ಮನೆಯವರೆಲ್ಲ ಕಣ್ಣು ಮುಚ್ಚಿ ರುಚಿ ನೋಡಿ, ಕಹಿ ಎಷ್ಟು, ಘಾಟು ಎಷ್ಟು ಅಂತ ಸೊನ್ನೆಯಿಂದ ಐದರವರೆಗೆ ಅಂಕ ಬರೆಯಿರಿ. ಕೊನೆಗೆ ಲೋಟದ ನೀರನ್ನೂ ಒಂದು ಚಮಚ ಕುಡಿದು ಅಂಕ ಕೊಡಿ. ಮಕ್ಕಳ ಅಂಕ ಬೇರೆ, ದೊಡ್ಡವರದ್ದು ಬೇರೆ ಪಟ್ಟಿ ಮಾಡಿ.

ಅಂಕಗಳ ಪಟ್ಟಿಯ ಜೊತೆ ನೀವು ಬಿತ್ತಿದ ತಿಂಗಳು, ಕೊಯ್ದ ತಿಂಗಳು, ನಿಮ್ಮ ಊರು, ಇಷ್ಟನ್ನ ನಮಗೆ ಕಳಿಸಿ. ಡಿಸೆಂಬರಿನ ಟೊರಾಂಟೊ ಹಸಿರುಮನೆಯದ್ದೂ ದುಬೈ ಬಾಲ್ಕನಿಯದ್ದೂ ಪಕ್ಕಪಕ್ಕ ಇಟ್ಟು ಮುಂದಿನ ಸಂಚಿಕೆಯಲ್ಲಿ ನೋಡೋಣ. ಅಲ್ಲೀವರೆಗೆ ಪಾತಿಗೆ ನೀರು ತಪ್ಪಿಸಬೇಡಿ.